ಮೂರಡಿ ದೂರ

ತಾರೀಖು ಹದಿನಾಲ್ಕು, ಮಂಗಳವಾರ
ಬೆಳಗ್ಗೆ, ಅಂಗಡಿಯಲ್ಲಿ

ನನ್ನ ಬಾಬಿನ್‌ಗೆ,

ನಿನ್ನನ್ನು ಹೀಗೆ ಕರೆಯುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಇಲ್ಲದಿದ್ದರೂ ಕರೆಯುತ್ತೇನೆ. ನಾಲ್ಕು ವರ್ಷದವಳಿದ್ದಾಗ ಅಮ್ಮನ ಹೊಲಿಗೆ ಮಿಷಿನ್ನಿನ ದಾರದ ಬಾಬಿನ್ ಬಾಯಿಗೆ ಹಾಕಿಕೊಂಡು ಮನೆಯವರ ಪ್ರಾಣ ತೆಗೆದವಳು ನೀನು. ಆ ಹೆಸರು ನೀನಾಗಿ ಸಂಪಾದಿಸಿದ್ದು, ನಾನು ಕೊಟ್ಟದ್ದಲ್ಲ. ಕಾಗದ ನೋಡಿ ನಗಬೇಡ. ನಾವು ಪ್ಯಾಟರ್ನ್ ಕತ್ತರಿಸುವ ಖಾಕಿ ಕಾಗದವೇ ಇದು. ಹಿಂದುಗಡೆ ಯಾರದೋ ತೋಳಿನ ಗೆರೆಗಳಿವೆ, ಅದನ್ನು ಓದುತ್ತಾ ಕೂರಬೇಡ. ಅಕ್ಷರ ಕಾಗೆ ಕಾಲಿನಂತಿದ್ದರೆ ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ನಿನ್ನೆಯಿಂದ ನಾಲ್ಕು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಸರಿಯಾಗಿಯೇ ಮಾಡಿದೆ. ನಿನ್ನ ಜಾಗದಲ್ಲಿ ನಾನಿದ್ದಿದ್ದರೆ ಫೋನನ್ನೇ ಎತ್ತಿ ಎಸೆಯುತ್ತಿದ್ದೆ. ಅದಕ್ಕೇ ಈ ಕಾಗದ. ನಿನ್ನ ಗಂಡ, ಆ ಬಸ್ ಡ್ರೈವರ್ ಮಹಾಶಯರ ಕೈಯಲ್ಲಿ ಕೊಟ್ಟು ಕಳಿಸುತ್ತೇನೆ. ಹರಿಯಬೇಡ. ಹರಿಯುವುದಾದರೂ ಓದಿ ಹರಿ. ಒಂದೇ ಸಮನೆ ಕೂತು ಬರೆಯುವ ಶಕ್ತಿ ನನಗೀಗ ಇಲ್ಲ. ನಾಲ್ಕು ಸಾಲು ಬರೆದು, ಮೇಜಿನ ಮೇಲೆ ತಲೆಯಿಟ್ಟು, ಮತ್ತೆ ಎದ್ದು ಬರೆಯುತ್ತಿದ್ದೇನೆ. ಹೇಳಿದ್ದನ್ನೇ ಎರಡು ಸಲ ಹೇಳಿದರೆ ಬೈಯಬೇಡ.

ಸುತ್ತಿ ಬಳಸುವುದು ಬೇಡ. ಆ ಕೋಟಿನ ಬಟ್ಟೆ ಕೆಟ್ಟದ್ದು ನಿನ್ನ ತಪ್ಪಿನಿಂದಲ್ಲ. ಕೆಡಿಸಿದವಳು ನಾನು.

ಯಾವ ಕೋಟು ಎಂದು ನಿನಗೆ ಹೇಳಬೇಕಾಗಿಲ್ಲ. ಬ್ಯಾಂಕ್ ಮ್ಯಾನೇಜರರ ಬೂದು ಬಣ್ಣದ ಉಣ್ಣೆ ಬಟ್ಟೆ. ಆ ಬುಧವಾರ ಸಂಜೆ ನೀನು ಎರಡೆರಡು ಸಲ ಅಳೆದು, ಚಾಕಿನಲ್ಲಿ ಗೆರೆ ಹಾಕಿ, ಬೆಳಗ್ಗೆ ಬಂದು ಕತ್ತರಿಸುತ್ತೇನೆ ಎಂದು ಹೇಳಿ ಮನೆಗೆ ಹೋದೆ. ನೀನು ಮೆಟ್ಟಿಲು ಇಳಿದ ಸದ್ದು ನಿಂತ ಮೇಲೆ ನಾನು ಬ್ರಷ್ ತೆಗೆದುಕೊಂಡು ನಿನ್ನ ಗೆರೆ ಒರೆಸಿದೆ. ಒಂದೂವರೆ ಇಂಚು ಒಳಗೆ ಹೊಸ ಗೆರೆ ಹಾಕಿದೆ. ಗೆರೆ ಹಾಕುವಾಗ ನಿನ್ನ ಕೈಯ ಹಾಗೆಯೇ ಕೊನೆಯಲ್ಲಿ ಸ್ವಲ್ಪ ಮೇಲಕ್ಕೆ ಎಳೆದೆ. ನಿನಗೆ ಕೆಲಸ ಕಲಿಸಿದವಳಿಗೆ ನಿನ್ನ ಗೆರೆ ಹಾಕುವುದು ಕಷ್ಟವೇ? ಮರುದಿನ ನೀನು ನಿನ್ನದೇ ಗೆರೆ ಎಂದು ನಂಬಿ ಕತ್ತರಿ ಓಡಿಸಿದೆ. ಕೈ ನಿನ್ನದು, ಗೆರೆ ನನ್ನದು.

ಆಮೇಲೆ ಮೂರು ಜನ ಗಿರಾಕಿಗಳ ಮುಂದೆ, ಕೆಳಗಿನ ಇಸ್ತ್ರಿಯವನೂ ಮೆಟ್ಟಿಲ ಮೇಲೆ ನಿಂತು ಕೇಳುವ ಹಾಗೆ, ನಾನು ಏನೇನು ಅಂದೆ ಎನ್ನುವುದು ನಿನಗೆ ಮರೆತಿರಲಾರದು. ನನಗೂ ಮರೆತಿಲ್ಲ. "ನಿನ್ನ ಕೈಗೆ ಕತ್ತರಿ ಕೊಟ್ಟಿದ್ದೇ ನನ್ನ ತಪ್ಪು, ನಾಳೆಯಿಂದ ಬರಬೇಡ" ಎಂದೆ. ನೀನು ಆ ತುಂಡನ್ನು ಮೂರು ಸಲ ಅಳೆದೆ. "ನಾನು ಸರಿಯಾಗೇ ಹಾಕಿದ್ದೆ ಕಣಕ್ಕಾ" ಎಂದು ಮೆಲ್ಲಗೆ ಅಂದೆ. ಕೊರಳಿನ ಟೇಪು ತೆಗೆದು, ಸುತ್ತಿ, ಮೇಜಿನ ಮೇಲಿಟ್ಟು ಹೊರಟುಹೋದೆ. ಊಟದ ಡಬ್ಬಿಯನ್ನೂ ತೆಗೆದುಕೊಳ್ಳಲಿಲ್ಲ. ಅದು ಈಗಲೂ ಇಲ್ಲೇ ಇದೆ, ತೊಳೆದು ಇಟ್ಟಿದ್ದೇನೆ. ಆ ಮ್ಯಾನೇಜರರಿಗೆ ಅದೇ ಬಟ್ಟೆ ಹುಡುಕಿ ತಂದು ಕೋಟು ಹೊಲಿದುಕೊಟ್ಟೆ, ಆ ಚಿಂತೆ ನಿನಗೆ ಬೇಡ.

ನೀನು ಅಂದಿನಿಂದ ಕತ್ತರಿ ಮುಟ್ಟಿಲ್ಲವಂತೆ. ನಿನ್ನ ಗಂಡ ಹೇಳಿದರು. "ಹಾಲಿನ ಪ್ಯಾಕೆಟ್ಟನ್ನೂ ಹಲ್ಲಲ್ಲೇ ಹರೀತಾಳೆ ಅಕ್ಕಾ, ಕತ್ತರಿ ಕಂಡ್ರೆ ಮುಖ ತಿರುಗಿಸ್ತಾಳೆ" ಎಂದರು. ಬಸ್ಸಿನ ಸ್ಟೇರಿಂಗ್ ಹಿಡಿದು ಮುಂದೆ ನೋಡುತ್ತಲೇ ಹೇಳಿದರು. ನಾನು ಹಿಂದಿನ ಸೀಟಿನಲ್ಲಿ ಕೂತು ಅತ್ತೆ. ನಿನ್ನ ಕೈಯಲ್ಲಿ ಏನೂ ತಪ್ಪಿಲ್ಲ ಕಣೇ. ನನಗಿಂತ ಚೆನ್ನಾದ ಕೈ ಅದು. ಬೇರೆ ಏನನ್ನು ನಂಬದಿದ್ದರೂ ಇದೊಂದನ್ನು ನಂಬು.

ಹೌದು, ನಿನ್ನ ಗಂಡನಿಗೆ ಎಲ್ಲ ಗೊತ್ತು. ಅವರ ಮೇಲೆ ಹಾರಾಡಬೇಡ. ಮೊದಲು ನನ್ನ ಕತೆ ಕೇಳು.

ಆ ದಿನಗಳಲ್ಲಿ ನನ್ನ ಬೆನ್ನು ನೋಯುತ್ತಿದ್ದದ್ದು ನಿನಗೆ ನೆನಪಿರಬೇಕು. ಮಿಷಿನ್ ಮುಂದೆ ಮೂವತ್ತು ವರ್ಷ ಬಗ್ಗಿ ಕೂತವಳಿಗೆ ಬೆನ್ನು ನೋಯದೆ ಇನ್ನೇನು ನೋಯುತ್ತದೆ ಎಂದುಕೊಂಡೆ. ನೀನು ಬಿಸಿನೀರಿನ ಚೀಲ ತಂದುಕೊಟ್ಟೆ. ಎರಡು ತಿಂಗಳಲ್ಲಿ ನಾನೇ ನನ್ನ ಲಂಗದ ಸೊಂಟವನ್ನು ಮೂರು ಸಲ ಒಳಗೆ ಹಿಡಿದು ಹೊಲಿದೆ. ಯಾವ ಗಿರಾಕಿಯಾದರೂ ಹಾಗೆ ಮೂರು ಸಲ ಬಂದಿದ್ದರೆ, ಮೊದಲು ಡಾಕ್ಟರ ಹತ್ತಿರ ಹೋಗಮ್ಮ ಎಂದು ಗದರಿ ಕಳಿಸುತ್ತಿದ್ದೆ. ನನ್ನದೇ ಸೊಂಟವಾದ್ದರಿಂದ, ತೆಳ್ಳಗಾದೆ ಎಂದು ಕನ್ನಡಿ ನೋಡಿಕೊಂಡು ಹಿಗ್ಗಿದೆ. ಕೊನೆಗೆ ನೋವು ತಡೆಯಲಾರದೆ ದೊಡ್ಡ ಆಸ್ಪತ್ರೆಗೆ ಹೋದೆ. ಹೊಟ್ಟೆಯ ಫೋಟೋ ತೆಗೆದರು, ಸೂಜಿ ಹಾಕಿ ಚೂರು ತೆಗೆದರು.

ಮೇದೋಜೀರಕ ಗ್ರಂಥಿ ಎನ್ನುವುದೊಂದು ನನ್ನೊಳಗಿದೆ ಎಂದು ಐವತ್ತನಾಲ್ಕು ವರ್ಷ ನನಗೆ ಗೊತ್ತೇ ಇರಲಿಲ್ಲ. ಜಠರದ ಹಿಂದೆ, ಬೆನ್ನಿಗೆ ಒರಗಿಕೊಂಡು, ಯಾರ ತಂಟೆಗೂ ಹೋಗದೆ ಇತ್ತಂತೆ. ಅದರಲ್ಲಿ ಕ್ಯಾನ್ಸರ್ ಗಡ್ಡೆ. ಪತ್ತೆಯಾಗುವ ಹೊತ್ತಿಗೆ ಬಹಳ ಮುಂದುವರಿದಿತ್ತು. ಅಲ್ಲಿರುವ ದೊಡ್ಡ ರಕ್ತನಾಳವನ್ನು ತಬ್ಬಿಕೊಂಡು ಬಿಟ್ಟಿತ್ತು. "ಇದಕ್ಕೆ ಕತ್ತರಿ ಹಾಕೋಕಾಗಲ್ಲಮ್ಮ" ಎಂದರು ಡಾಕ್ಟರು. ನನಗೆ, ನನ್ನಂಥವಳಿಗೆ, ಅದೇ ಮಾತು. ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಆಮೇಲೆ ಇಬ್ಬರು ಡಾಕ್ಟರು ಸೇರಿ ಒಂದು ದಾರಿ ಹೇಳಿದರು. ಒಬ್ಬರಿಗೆ ನಾನು ಬೀಜದ ಡಾಕ್ಟರು ಎಂದು ಹೆಸರಿಟ್ಟೆ, ಇನ್ನೊಬ್ಬರಿಗೆ ಬಾಟಲಿ ಡಾಕ್ಟರು ಎಂದು. ಬೀಜದ ಡಾಕ್ಟರು ನಿನ್ನ ವಯಸ್ಸಿನ ಹೆಂಗಸು, ಮಾತು ಚುರುಕು. ಗಡ್ಡೆಯ ಒಳಗೇ ವಿಕಿರಣದ ಸಣ್ಣ ಸಣ್ಣ ಬೀಜಗಳನ್ನು ನೆಡುತ್ತಾರಂತೆ. ಗುಂಡುಸೂಜಿಯ ಮೊನೆಯನ್ನು ಮುರಿದಿಟ್ಟಷ್ಟು ದೊಡ್ಡವು. ಅವು ಅಲ್ಲೇ ಕೂತು ತಿಂಗಳುಗಟ್ಟಲೆ ಗಡ್ಡೆಯನ್ನು ಸುಡುತ್ತಿರುತ್ತವೆ, ಮತ್ತೆ ತೆಗೆಯುವುದಿಲ್ಲ. ಅದರ ಜೊತೆಗೆ ಬಾಟಲಿ ಡಾಕ್ಟರು ವಾರಕ್ಕೊಮ್ಮೆ ಕೀಮೋ ಔಷಧಿಯನ್ನು ರಕ್ತಕ್ಕೆ ಇಳಿಸುತ್ತಾರೆ. ಬೀಜ ಗಡ್ಡೆ ಇದ್ದಲ್ಲಿ ಮಾತ್ರ ಕೆಲಸ ಮಾಡುತ್ತದೆ, ಬಾಟಲಿ ಮೈಯೆಲ್ಲ ಸುತ್ತಿ ತಪ್ಪಿಸಿಕೊಂಡದ್ದನ್ನು ಹುಡುಕುತ್ತದೆ. ಎರಡೂ ಸೇರಿದರೆ ನೋವು ಕಡಿಮೆಯಾದೀತು, ಗಡ್ಡೆ ಕುಗ್ಗೀತು, ನನ್ನ ಅದೃಷ್ಟ ಗಟ್ಟಿಯಿದ್ದರೆ ಮುಂದೆ ಆಪರೇಷನ್ನಿಗೂ ದಾರಿಯಾದೀತು. "ಗ್ಯಾರಂಟಿ ಕೊಡಲ್ಲ ನಾನು, ಎಲ್ಲರಿಗೂ ಮಾಡೋ ಚಿಕಿತ್ಸೆನೂ ಅಲ್ಲ ಇದು. ಪ್ರಯತ್ನ ಅಷ್ಟೇ" ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಸುಳ್ಳು ಭರವಸೆ ಕೊಡದ ಆ ಮಾತು ಕೇಳಿ ನಾನು ಒಪ್ಪಿದೆ.

ಒಪ್ಪಿದ ಮೇಲೆ ಒಂದು ಹಾಳೆ ಕೊಟ್ಟರು, ಬೀಜ ನೆಟ್ಟ ಮೇಲೆ ಹೇಗಿರಬೇಕು ಎಂದು. ಅದರಲ್ಲಿ ಬರೆದಿತ್ತು: ಮೊದಲ ಎರಡು ತಿಂಗಳು ಬಸುರಿಯರು ಮೂರಡಿ ದೂರದಲ್ಲಿರಬೇಕು, ಹತ್ತಿರ ಹೆಚ್ಚು ಹೊತ್ತು ಕೂರಬಾರದು, ಚಿಕ್ಕ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬಾರದು.

ಅದೇ ವಾರ ಕಣೇ ನೀನು ಗುಂಡಿಯ ಕಾಜಾ ಹೊಲಿಯುತ್ತಾ ತಲೆಯೆತ್ತದೆ ನನಗೆ ಗುಟ್ಟು ಹೇಳಿದ್ದು. ಎರಡು ತಿಂಗಳಾಯಿತು, ಯಾರಿಗೂ ಹೇಳಬೇಡ, ಈ ಸಲವಾದರೂ ನಿಲ್ಲಲಿ ಎಂದು. ಎರಡು ಸಲ ಹೋಗಿತ್ತು. ಎರಡು ಸಲವೂ ನಿನ್ನ ತಲೆ ನನ್ನ ಮಡಿಲಲ್ಲೇ ಇತ್ತು. ನಲವತ್ತರ ಹತ್ತಿರ ಬಂದ ಮೇಲೆ ಮೂರನೆಯದು. ನೀನು ಹೇಳುವಾಗ ಹಾಳೆ ನನ್ನ ಚೀಲದಲ್ಲಿತ್ತು. ನಮ್ಮ ಎರಡು ಮಿಷಿನ್‌ಗಳ ನಡುವೆ ಒಂದೂವರೆ ಅಡಿ. ದಿನಕ್ಕೆ ಒಂಬತ್ತು ಗಂಟೆ ಮೊಣಕೈಗೆ ಮೊಣಕೈ ತಾಗಿಸಿ ಕೂರುವವರು ನಾವು.

ನಿಜ ಹೇಳಿದ್ದರೆ ನೀನು ದೂರ ಕೂರುತ್ತಿದ್ದೆಯಾ? ಸುಮ್ಮನೆ ಹೇಳಬೇಡ. ನನ್ನ ಜೊತೆ ಆಸ್ಪತ್ರೆಗೆ ಬರುತ್ತಿದ್ದೆ, ವಾಂತಿಯ ಬೋಗುಣಿ ಹಿಡಿಯುತ್ತಿದ್ದೆ, ನನ್ನನ್ನು ಎತ್ತಿ ಕೂರಿಸುತ್ತಿದ್ದೆ. "ಮೂರಡಿಯಂತೆ ಮೂರಡಿ" ಎಂದು ಹಾಳೆ ಕಿತ್ತು ಬಿಸಾಕುತ್ತಿದ್ದೆ. ನಿನ್ನ ಹಠ ನನಗೆ ಗೊತ್ತಿಲ್ಲವೇ? ಇನ್ನೊಂದು ಕಾರಣವಿದೆ. ಈ ಸಲವೂ ನಿಲ್ಲದೆ ಹೋಗಿದ್ದರೆ, ಯಾವ ಕಾರಣಕ್ಕೇ ಹೋಗಿರಲಿ, ನೀನು ಒಂದಲ್ಲ ಒಂದು ದಿನ ನನ್ನ ಹೊಟ್ಟೆಯ ಕಡೆ ನೋಡುತ್ತಿದ್ದೆ. ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ, ಬರೀ ನೋಡುತ್ತಿದ್ದೆ. ಅದೊಂದನ್ನು ತಡೆದುಕೊಳ್ಳುವ ಶಕ್ತಿ ನನಗಿರಲಿಲ್ಲ. ನೀನು ನನ್ನನ್ನು ದ್ವೇಷಿಸಿದರೆ ತಡೆದುಕೊಂಡೇನು ಎನ್ನಿಸಿತು. ಅದಕ್ಕೇ ಆ ಬುಧವಾರ ಸಂಜೆ ಬ್ರಷ್ ಕೈಗೆತ್ತಿಕೊಂಡೆ.

ಬೀಜ ನೆಟ್ಟ ದಿನದ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಮತ್ತು ಬರುವ ಔಷಧಿ ಕೊಟ್ಟು, ಬಾಯಿಯಿಂದ ಕೊಳವೆ ಇಳಿಸಿ, ಜಠರದ ಗೋಡೆಯ ಮೂಲಕ ಉದ್ದನೆಯ ಸೂಜಿ ತೂರಿಸಿ ನೆಟ್ಟರಂತೆ. ಎಷ್ಟು ಎಂದು ಕೇಳಿದೆ. ಮೂವತ್ತಾರು ಎಂದರು. ಸಾಲಾಗಿ ಇಟ್ಟಿರಾ ಎಂದು ಕೇಳಿದೆ. ಬೀಜದ ಡಾಕ್ಟರು ನಕ್ಕು, "ಒಂದು ಸೆಂಟಿಮೀಟರಿಗೆ ಒಂದು, ನಿಮ್ಮ ಹೊಲಿಗೆ ಥರ" ಎಂದರು. ಆಮೇಲೆ ಸೀಸದ ಹಾಳೆ ಸೇರಿಸಿದ ಏಪ್ರನ್ ಒಂದನ್ನು ಕೊಟ್ಟರು, ಜನರ ನಡುವೆ ಹೋಗುವಾಗ ಹೊಟ್ಟೆಗೆ ಕಟ್ಟಿಕೊಳ್ಳಲು. ಅದರ ಹೊಲಿಗೆ ನೋಡಬೇಕಿತ್ತು ನೀನು! ದಾರದ ತುದಿಗಳು ಈಚೆ ಬಂದಿದ್ದವು, ಮೂಲೆ ಮಡಿಸಿಯೇ ಇರಲಿಲ್ಲ, ಕಟ್ಟುವ ಪಟ್ಟಿ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ಅಂಗಡಿಗೆ ತಂದು ಬಿಚ್ಚಿ ಪಟ್ಟಿಗಳನ್ನು ಮತ್ತೆ ಹೊಲಿದೆ. ಮುಂದಿನ ವಾರ ಅದನ್ನು ನೋಡಿದ ನರ್ಸಮ್ಮ ಇನ್ನೂ ಮೂರು ಏಪ್ರನ್ ತಂದು ನನ್ನ ಹಾಸಿಗೆಯ ಮೇಲಿಟ್ಟರು. ಒಂದು ಕೈಯಲ್ಲಿ ಬಾಟಲಿ ಇಳಿಯುತ್ತಿತ್ತು, ಇನ್ನೊಂದು ಕೈಯಲ್ಲಿ ನಾನು ಪಟ್ಟಿ ಬಿಚ್ಚುತ್ತಿದ್ದೆ. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ.

ಕೀಮೋ ಸೋಮವಾರ ಸೋಮವಾರ. ಮೂರು ವಾರ ಕೊಟ್ಟು ಒಂದು ವಾರ ಬಿಡುವು. ಮೊದಲ ಸೋಮವಾರವೇ ಸಿಕ್ಕಿಬಿದ್ದೆ. ಮನೆಗೆ ಹೋಗಲು ಆಸ್ಪತ್ರೆಯ ಮುಂದೆ ಬಸ್ಸು ಹತ್ತಿದರೆ ನಿನ್ನ ಗಂಡನೇ ಡ್ರೈವರ್ ಸೀಟಿನಲ್ಲಿ! ನನ್ನ ಮಣಿಕಟ್ಟಿನ ಆಸ್ಪತ್ರೆಯ ಪಟ್ಟಿ ನೋಡಿದರು, ಮುಖ ನೋಡಿದರು. ಕೊನೆಯ ಸ್ಟಾಪಿನಲ್ಲಿ ಎಲ್ಲ ಇಳಿದ ಮೇಲೆ ನಾನು ಬಾಯಿ ಬಿಡಲೇಬೇಕಾಯಿತು. ಆಣೆ ಹಾಕಿಸಿಕೊಂಡೆ. ಅವರಿಗೆ ಸಿಟ್ಟು ಬಂತು. "ಹೆಂಡ್ತಿ ಹತ್ರ ಸುಳ್ಳು ಹೇಳೋ ಕೆಲಸ ನನಗೆ ಕೊಡಬೇಡಿ ಅಕ್ಕಾ. ಅವಳು ಕೇಳಿದ್ರೆ ಹೇಳ್ತೀನಿ, ಕೇಳ್ದಿದ್ರೆ ಸುಮ್ಮನಿರ್ತೀನಿ" ಎಂದರು. ನೀನು ಕೇಳಲಿಲ್ಲ. ನನ್ನ ಹೆಸರು ಎತ್ತಬಾರದು ಎಂದು ನೀನೇ ಅವರಿಗೆ ತಾಕೀತು ಮಾಡಿದ್ದೆಯಂತೆ. ಅಕ್ಕ ಹೇಗೋ ತಂಗಿ ಹಾಗೆ. ಪಾಪ, ಆ ಮನುಷ್ಯ ಇಬ್ಬರು ಹಠಮಾರಿಗಳ ನಡುವೆ ಸಿಕ್ಕಿ ನಲುಗಿದ್ದಾರೆ. ಅಂದಿನಿಂದ ಪ್ರತಿ ಸೋಮವಾರ ನನಗೆಂದು ಅವರ ಹಿಂದಿನ ಸೀಟಿನ ಮೇಲೆ ತಮ್ಮ ಟವೆಲ್ ಹಾಸಿಟ್ಟಿರುತ್ತಿದ್ದರು.

ಸುಸ್ತು ಎನ್ನುವ ಮಾತನ್ನು ನಾವು ಎಷ್ಟು ಸಲೀಸಾಗಿ ಬಳಸುತ್ತಿದ್ದೆವು. ಆರ್ಡರ್ ಹೆಚ್ಚಾದರೆ ಸುಸ್ತು, ಮೆಟ್ಟಿಲು ಹತ್ತಿದರೆ ಸುಸ್ತು. ಅದಲ್ಲ ಸುಸ್ತು. ಎದುರಿಗಿರುವ ಲೋಟದ ನೀರು ಕುಡಿಯಬೇಕು ಎಂದು ಅಂದುಕೊಂಡು, ಅದನ್ನು ನೋಡುತ್ತಾ ಒಂದು ಗಂಟೆ ಕೂತಿರುವುದು ಸುಸ್ತು. ಕೂದಲು ಹೋಯಿತು, ಹೋಗಲಿ, ಬಾಚುವ ಕೆಲಸ ತಪ್ಪಿತು. ಬಾಯಿಗೆ ರುಚಿಯಿಲ್ಲ. ಬೆರಳ ತುದಿಗಳು ಮಾತ್ರ ನನ್ನನ್ನು ಸೋಲಿಸಿದವು. ಔಷಧಿಯಿಂದ ಮರಗಟ್ಟಿ ಹೋಗಿವೆ. ಸೂಜಿ ಚುಚ್ಚಿದರೂ ತಿಳಿಯುವುದಿಲ್ಲ. ಬಿಳಿ ಬಟ್ಟೆಯ ಮೇಲೆ ಕೆಂಪು ಚುಕ್ಕೆ ಕಂಡ ಮೇಲೆಯೇ ಚುಚ್ಚಿಕೊಂಡದ್ದು ಗೊತ್ತಾಗುವುದು. ಉಣ್ಣೆಯೋ ಹತ್ತಿಯೋ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ ಕೈ ಇದು. ಈ ಅಕ್ಷರ ಹೀಗಿರುವುದೂ ಅದಕ್ಕೇ.

ಬೆನ್ನುನೋವು ಮಾತ್ರ ಎರಡು ತಿಂಗಳಲ್ಲಿ ಇಳಿಯಿತು. ಬೀಜದ ಡಾಕ್ಟರು ಆಗಲೇ ಹೇಳಿದ್ದರು, ಬೀಜದ ಶಕ್ತಿ ಅರವತ್ತು ದಿನಕ್ಕೆ ಅರ್ಧವಾಗುತ್ತದೆ, ಮತ್ತೆ ಅರವತ್ತಕ್ಕೆ ಅದರ ಅರ್ಧ ಎಂದು. ನನಗೆ ಅದು ಬಟ್ಟೆ ಮಡಿಸಿದಂತೆ ಕಂಡಿತು. ಒಂದು ಮಡಿಕೆ, ಎರಡು ಮಡಿಕೆ, ಮೂರು ಮಡಿಕೆ. ಮೂರು ಮಡಿಕೆಯಾಗುವ ಹೊತ್ತಿಗೆ ನಿನಗೆ ತಿಂಗಳು ತುಂಬುತ್ತಿರುತ್ತದೆ ಎಂದು ಎಣಿಸಿಕೊಂಡು ಕೂತೆ.

ಒಂದು ಸಲ ನಿನ್ನನ್ನು ನೋಡಲು ಬಂದಿದ್ದೆ. ನಿನಗೆ ಐದು ತಿಂಗಳು ತುಂಬಿದ್ದಾಗ. ಸೀಸದ ಏಪ್ರನ್ ಕಟ್ಟಿ, ಅದರ ಮೇಲೆ ದೊಡ್ಡ ಕೋಟು ಹಾಕಿಕೊಂಡು, ನಿಮ್ಮ ಮನೆಯ ಎದುರಿನ ಬಸ್ ಸ್ಟಾಪಿನಲ್ಲಿ ನಿಂತೆ. ರಸ್ತೆಯ ಅಗಲ ನಲವತ್ತು ಅಡಿಯಾದರೂ ಇರಬೇಕು. ಅಷ್ಟು ಸಾಕೋ ಸಾಲದೋ ಎಂದು ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒತ್ತಿ ನಿಂತೆ. ನೀನು ತರಕಾರಿ ಚೀಲ ಹಿಡಿದು ಬಂದೆ. ಹೊಟ್ಟೆ ಕಾಣುತ್ತಿತ್ತು. ನಡೆಯುವಾಗ ಅದರ ಮೇಲೆ ಒಂದು ಕೈ ಇಟ್ಟುಕೊಂಡಿದ್ದೆ. ನಿಂತಿದೆ, ನಿಂತಿದೆ ಎಂದು ನನ್ನ ಎದೆ ಕುಣಿಯಿತು. ಆಗ ನೀನು ತಲೆಯೆತ್ತಿ ನನ್ನನ್ನು ನೋಡಿದೆ. ನೋಡಿ ಮುಖ ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ನಾನು ಬಯಸಿದ್ದೂ ಅದನ್ನೇ ತಾನೆ? ಆದರೂ ಮನೆಗೆ ಹೋಗಿ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ. ಕೀಮೋ ಸುಸ್ತು ಎಂದು ನೆರೆಮನೆಯವರಿಗೆ ಹೇಳಿದೆ.

ಹದಿನೈದು ದಿನದ ಹಿಂದೆ, ಸೋಮವಾರ, ನಿನ್ನ ಗಂಡ ಬಸ್ಸನ್ನು ಆಸ್ಪತ್ರೆಯ ಸ್ಟಾಪಿನಲ್ಲಿ ನಿಲ್ಲಿಸಿ, ಜನರೆಲ್ಲ ನೋಡುವಂತೆ ಹಾರ್ನ್ ಹೊಡೆದು, ಕಿಟಕಿಯಿಂದ ಕತ್ತು ಹೊರಗೆ ಹಾಕಿ, "ಅಕ್ಕಾ, ಹೆಣ್ಣು! ಇಬ್ರೂ ಚೆನ್ನಾಗಿದಾರೆ!" ಎಂದು ಕೂಗಿದರು. ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಯಾರೋ ನೀರು ಕೊಟ್ಟರು. ಕೆಟ್ಟ ಸುದ್ದಿಯೆಂದುಕೊಂಡರೋ ಏನೋ.

ಈಗ ನಿನ್ನೆಯ ವಿಷಯ. ನಿನ್ನೆ ತಪಾಸಣೆಯಿತ್ತು. ಹೊಸ ಫೋಟೋ ಬಂದಿದೆ. ಗಡ್ಡೆ ಅರ್ಧದಷ್ಟು ಕುಗ್ಗಿದೆ. ಬೀಜಗಳು ಅವುಗಳ ಕೆಲಸ ಮಾಡಿವೆ ಎಂದು ಬೀಜದ ಡಾಕ್ಟರು ಪರದೆಯ ಮೇಲೆ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಮೂವತ್ತಾರೂ ಬಿಳಿ ಚುಕ್ಕೆಗಳಾಗಿ ಕಂಡವು. ಆಪರೇಷನ್ ವಿಷಯವನ್ನು ಬಾಟಲಿ ಡಾಕ್ಟರು ಆಮೇಲೆ ಮಾತಾಡಿದರು, ಅದು ಸದ್ಯಕ್ಕೆ ಪಕ್ಕಕ್ಕಿರಲಿ. ನಾನು ಕೇಳಬೇಕಾಗಿದ್ದ ಪ್ರಶ್ನೆಯೇ ಬೇರೆ. ತಂಗಿಗೆ ಮಗುವಾಗಿದೆ, ದೂರದಿಂದ ನೋಡಬಹುದಾ ಎಂದು ಕೇಳಿದೆ. ಅವರು ವಿಕಿರಣ ಅಳೆಯುವ ಒಂದು ಸಣ್ಣ ಯಂತ್ರವನ್ನು ನನ್ನ ಹೊಟ್ಟೆಯ ಹತ್ತಿರ ಹಿಡಿದು ನೋಡಿದರು. "ದೂರದಿಂದ ಯಾಕೆ, ಎತ್ಕೊಳ್ಳಿ. ಈಗ ತೊಂದ್ರೆ ಇಲ್ಲ" ಎಂದರು.

ಖುಷಿಯಲ್ಲಿ ನನ್ನ ಬಾಯಿ ಸಡಿಲವಾಯಿತು. ಏಳು ತಿಂಗಳಿಂದ ಅವಳನ್ನು ಹತ್ತಿರ ಬಿಟ್ಟುಕೊಂಡಿಲ್ಲ ಡಾಕ್ಟರೇ, ಅಷ್ಟು ಎಚ್ಚರ ವಹಿಸಿದೆ, ಜಗಳ ಮಾಡಿ ಓಡಿಸಿದೆ ಎಂದು ಹೆಮ್ಮೆಯಿಂದ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ತಂಗಿ ಬಸುರಿ ಎಂದು ನನಗೇಕೆ ಹೇಳಲಿಲ್ಲ ಎಂದು ಕೇಳಿದರು. ಮನೆಯಲ್ಲಿ ಬಸುರಿಯರಿದ್ದಾರಾ ಎಂದು ನೀವು ಕೇಳಿದಿರಿ, ಮನೆಯಲ್ಲಿ ಯಾರೂ ಇಲ್ಲವಲ್ಲ ಎಂದೆ. "ಅಯ್ಯೋ, ಪೂರ್ತಿ ನೋಡ್ಲೇಬಾರದು ಅಂತ ಯಾರಮ್ಮ ಹೇಳಿದ್ದು? ಮೂರಡಿ ಅಂತ ಬರ್ದಿತ್ತಲ್ಲ. ಒಂದು ಮೇಜಿನ ಆಚೆ ಈಚೆ ಕೂತು ಮಾತಾಡಬಹುದಿತ್ತು. ಎರಡು ತಿಂಗಳಾದ ಮೇಲಂತೂ ಅಷ್ಟೂ ಕಷ್ಟ ಇರ್ಲಿಲ್ಲ" ಎಂದರು.

ಹಾಳೆಯಲ್ಲಿ ಮೂರಡಿ ಎಂದು ಸ್ಪಷ್ಟವಾಗಿಯೇ ಇತ್ತು, ಬಾಬಿನ್. ಎರಡು ತಿಂಗಳು ಎಂದೂ ಇತ್ತು. ನಾನು ಓದಿದ್ದೆ. ಆದರೆ ಯಾವತ್ತಾದರೂ ನಾನು ಹೇಳಿದ ಅಳತೆಗೆ ಸರಿಯಾಗಿ ಬಟ್ಟೆ ಕತ್ತರಿಸಿದ್ದುಂಟೇ? ಅಮ್ಮ ನಮಗೆ ಮೊದಲ ದಿನ ಕಲಿಸಿದ್ದೇ ಅದು, ಸುತ್ತ ಒಂದು ಇಂಚು ಬಿಡು, ಒಳಗೆ ಮಡಿಸಿದರಾಯಿತು ಎಂದು. ನಾನು ಒಂದರ ಜಾಗದಲ್ಲಿ ಎರಡು ಇಂಚು ಬಿಡುವವಳು. ಅಕ್ಕ ಹೊಲಿದ ಅಂಗಿಯೊಳಗೆ ಇನ್ನೊಂದು ಅಂಗಿಯ ಬಟ್ಟೆ ಇರುತ್ತದೆ ಎಂದು ನೀನೇ ಹಾಸ್ಯ ಮಾಡುತ್ತಿದ್ದೆ. ಹಾಗೆಯೇ ಮೂರಡಿಗೆ ಮಾರ್ಜಿನ್ ಬಿಟ್ಟು ಇಡೀ ಊರಿನ ದೂರ ಮಾಡಿದೆ. ಎರಡು ತಿಂಗಳಿಗೆ ಮಾರ್ಜಿನ್ ಬಿಟ್ಟು ಏಳು ತಿಂಗಳು ಮಾಡಿದೆ. ಯಾರನ್ನೂ ಕೇಳಲಿಲ್ಲ. ಹೆಚ್ಚು ಬಿಟ್ಟರೆ ನಷ್ಟವೇನೂ ಇಲ್ಲ ಎಂದುಕೊಂಡೆ.

ಆಸ್ಪತ್ರೆಯಿಂದ ನೇರ ಅಂಗಡಿಗೆ ಬಂದೆ. ಟೇಪು ತೆಗೆದು ನಮ್ಮ ಕಟಿಂಗ್ ಮೇಜಿನ ಅಗಲ ಅಳೆದೆ. ನಾಲ್ಕು ಅಡಿ ಎರಡು ಇಂಚು. ನಾನೇ ಬಡಗಿಯ ಹತ್ತಿರ ನಿಂತು ಮಾಡಿಸಿದ ಮೇಜು. ನಿನ್ನ ಮಿಷಿನ್ನನ್ನು ಆಚೆ ಬದಿಗೆ ಸರಿಸಿದ್ದರೆ ಸಾಕಾಗಿತ್ತು. ನೀನು ಆಚೆ, ನಾನು ಈಚೆ. ನೀನು ನನ್ನನ್ನು ಬೈಯುತ್ತಿದ್ದೆ, ನಾನು ನಿನಗೆ ಊಟ ಮಾಡು ಎನ್ನುತ್ತಿದ್ದೆ. ನಿನ್ನ ಹೊಟ್ಟೆ ತಿಂಗಳಿಂದ ತಿಂಗಳಿಗೆ ದೊಡ್ಡದಾಗುವುದನ್ನು ನೋಡುತ್ತಿದ್ದೆ, ನಿನ್ನ ಬಟ್ಟೆಗಳ ಸೊಂಟ ನಾನೇ ಬಿಡಿಸಿಕೊಡುತ್ತಿದ್ದೆ. ಮೇಜಿನ ಮೇಲೆ ಟೇಪು ಬಿಟ್ಟು ಬಹಳ ಹೊತ್ತು ಅತ್ತೆ. ಇಸ್ತ್ರಿಯವನು ಮೇಲೆ ಬಂದು, ಅಮ್ಮಾ ಏನಾಯ್ತು ಎಂದ. ಏನಿಲ್ಲಪ್ಪ, ಅಳತೆ ತಪ್ಪಿತು ಎಂದೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಆದರೂ ಕೇಳುತ್ತೇನೆ, ಕೇಳದೆ ಇನ್ನೇನು ಮಾಡಲಿ? ನನ್ನನ್ನು ಕ್ಷಮಿಸು ಕಣೇ. ನಿನ್ನ ಮಿಷಿನ್‌ಗೆ ಪ್ರತಿ ಶನಿವಾರ ಎಣ್ಣೆ ಹಾಕಿದ್ದೇನೆ. ನಿನ್ನ ಕತ್ತರಿಗೆ ಸಾಣೆ ಹಿಡಿಸಿ, ಬಟ್ಟೆಯಲ್ಲಿ ಸುತ್ತಿ, ನಿನ್ನ ಡ್ರಾಯರಿನಲ್ಲೇ ಇಟ್ಟಿದ್ದೇನೆ. ಬೇರೆ ಯಾರನ್ನೂ ಆ ಸ್ಟೂಲಿನ ಮೇಲೆ ಕೂರಿಸಿಲ್ಲ.

ಈ ಕಾಗದದ ಜೊತೆಗಿರುವ ಗಂಟಿನಲ್ಲಿ ಮಗುವಿಗೆ ನಾಲ್ಕು ಮೆತ್ತನೆಯ ಅಂಗಿಗಳಿವೆ. ಅಳತೆಯಿಲ್ಲದೆ ಅಂದಾಜಿನಲ್ಲಿ ಹೊಲಿದದ್ದು. ಒಂದರ ಅಂಚಿನಲ್ಲಿ ಸಣ್ಣ ಕೆಂಪು ಚುಕ್ಕೆಯಿದೆ, ತೊಳೆದರೂ ಹೋಗಲಿಲ್ಲ. ಇನ್ನೊಂದು ಇದೆ, ಬೂದು ಬಣ್ಣದ ಪುಟ್ಟ ಕೋಟು. ನೀನು ಮುಟ್ಟಿದ ಕೂಡಲೇ ಬಟ್ಟೆಯ ಗುರುತು ಹಿಡಿಯುತ್ತೀಯ. ಆ ಗಿಡ್ಡ ಬಿದ್ದ ತುಂಡನ್ನು ಎಸೆಯಲು ಮನಸ್ಸಾಗಲಿಲ್ಲ. ಐದು ವರ್ಷದ ಮಗುವಿಗೆ ಆಗುವ ಹಾಗೆ ಹೊಲಿದಿದ್ದೇನೆ. ಲೈನಿಂಗ್ ಒಳಗೆ ಬೇಕಾದಷ್ಟು ಬಟ್ಟೆ ಬಿಟ್ಟಿದ್ದೇನೆ, ಬಿಚ್ಚಿ ಹೊಲಿದರೆ ಏಳು ವರ್ಷದವರೆಗೂ ಬರುತ್ತದೆ. ಆಗ ಬಿಚ್ಚಿ ಹೊಲಿಯುವವಳು ನೀನೇ, ಅದಕ್ಕಾದರೂ ಕತ್ತರಿ ಹಿಡಿ.

ಅವಸರ ಮಾಡಬೇಡ. ನಿನ್ನ ಮೈ ಸುಧಾರಿಸಲಿ, ಸಿಟ್ಟೂ ಇಳಿಯಲಿ. ಮಗು ಸ್ವಲ್ಪ ಗಟ್ಟಿಯಾಗಿ ಕತ್ತು ನಿಲ್ಲಿಸಿದ ಮೇಲೆ, ಮೂರು ತಿಂಗಳಾದ ಮೇಲೆ, ನಿಧಾನವಾಗಿ ಕರೆದುಕೊಂಡು ಬಾ. ನಾನು ಇಲ್ಲೇ ಇರುತ್ತೇನೆ.

ನಿನ್ನ
ಅಕ್ಕ

ಮರೆತಿದ್ದು: ಮರೆತದ್ದಲ್ಲ, ಬಿಟ್ಟದ್ದು. ಕಾಗದ ಮಡಿಸಿ ಗಂಟಿನೊಳಗೆ ಇಟ್ಟು, ಮತ್ತೆ ತೆಗೆದು ಬರೆಯುತ್ತಿದ್ದೇನೆ. ಗಡ್ಡೆ ಅರ್ಧ ಕುಗ್ಗಿದ್ದು ನಿಜ. ಆದರೆ ಅದೇ ಫೋಟೋದಲ್ಲಿ ಲಿವರಿನ ಮೇಲೆ ನಾಲ್ಕು ಹೊಸ ಚುಕ್ಕೆಗಳು ಕಂಡಿವೆ. ಬೀಜದ ಕೈ ಅಲ್ಲಿಗೆ ಎಟುಕುವುದಿಲ್ಲ, ಬಾಟಲಿಯ ಕಣ್ಣಿಗೂ ಅವು ತಪ್ಪಿಸಿಕೊಂಡಿವೆ. ಆಪರೇಷನ್ ಇಲ್ಲ. ಎಷ್ಟು ದಿನ ಎಂದು ಬಾಟಲಿ ಡಾಕ್ಟರನ್ನು ಕೇಳಿದೆ. ಎರಡು ತಿಂಗಳು, ಹೆಚ್ಚೆಂದರೆ ಮೂರು ಎಂದರು. ಇನ್ನೊಂದೆರಡು ಸೇರಿಸಿಕೊಳ್ಳಲೇ ಎಂದೆ, ಅವರು ಬೇಡ ಎಂದು ತಲೆಯಾಡಿಸಿದರು. ಆದ್ದರಿಂದ ಮೇಲೆ ಮೂರು ತಿಂಗಳಾದ ಮೇಲೆ ಬಾ ಎಂದು ಬರೆದದ್ದನ್ನು ಹೊಡೆದುಹಾಕಿ ಓದಿಕೋ. ಸಿಟ್ಟು ಇಳಿಯದಿದ್ದರೂ ಪರವಾಗಿಲ್ಲ, ಸಿಟ್ಟನ್ನೂ ಎತ್ತಿಕೊಂಡು ಬಾ. ಮಗುವಿನ ಕತ್ತನ್ನು ನಾನು ಕೈಯಲ್ಲಿ ಹಿಡಿದುಕೊಳ್ಳುತ್ತೇನೆ. ಈ ಭಾನುವಾರವೇ ಬಾ.